ಉದ್ದ ಬಿಡಿ, ದಿಕ್ಕು ಹಿಡಿಯಿರಿ: ಸಮಾಂತರ ಬಾಹುಗಳನ್ನು ಕಲಿಸುತ್ತ ಕಂಡುಕೊಂಡ ಪಾಠಗಳು

ಗದಗ ಸೀಮೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವುದು ನನ್ನ ಕೆಲಸ. ರೇಖಾಗಣಿತದಲ್ಲಿ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಎಂದು ಗಮನಿಸುತ್ತ ಬಂದಂತೆ ಒಂದು ವಿಷಯ ನನಗೆ ಖಚಿತವಾಗಿದೆ. ಒಂದು ಬಹುಭುಜಾಕೃತಿಯಲ್ಲಿ ಯಾವ ಬಾಹು ಯಾವುದಕ್ಕೆ ಸಮಾಂತರ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳದೆ ಕಾರಣ ಕೊಟ್ಟು ಹೇಳಬಲ್ಲ ಮಗುವಿಗೆ ಮುಂದಿನ ರೇಖಾಗಣಿತ ಸಲೀಸಾಗುತ್ತದೆ. ಎಂಟನೆಯ ತರಗತಿಯ ಚತುರ್ಭುಜಗಳು, ಒಂಬತ್ತರ ಮಧ್ಯಬಿಂದು ಪ್ರಮೇಯ, ಹತ್ತರ ಥೇಲ್ಸ್‌ನ ಪ್ರಮೇಯ ಇವೆಲ್ಲ ನಿಂತಿರುವುದು ಸಮಾಂತರದ ಮೇಲೆಯೇ. ಪಠ್ಯಪುಸ್ತಕದಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ. ಅದಕ್ಕೇ ತರಗತಿಯಲ್ಲಿ ಸಮಯ ಹೆಚ್ಚು ಕೊಡಬೇಕು. ಹಾಗೆ ಕೊಟ್ಟಾಗ ನನಗೆ ದಕ್ಕಿದ ಪಾಠಗಳನ್ನು ಇಲ್ಲಿ ಸಾಲಾಗಿ ಇಡುತ್ತಿದ್ದೇನೆ.

1. ಸಮಾಂತರ ಎಂಬುದು ದಿಕ್ಕಿನ ಮಾತು

"ಸಮಾಂತರ ಬಾಹು ತೋರಿಸು" ಎಂದರೆ ಹೆಚ್ಚಿನ ಮಕ್ಕಳ ಬೆರಳು ಆಯತದ ಮೇಲೆ ಹೋಗುತ್ತದೆ. ಅಲ್ಲಿ ಅಭಿಮುಖ ಬಾಹುಗಳು ಸಮಾಂತರವೂ ಹೌದು, ಸಮವೂ ಹೌದು. ಎರಡು ಗುಣಗಳನ್ನು ಸದಾ ಒಟ್ಟಿಗೇ ನೋಡಿದ್ದರಿಂದ ಮಗುವಿನ ಮನಸ್ಸಿನಲ್ಲಿ ಅವೆರಡೂ ಒಂದೇ ಆಗಿ ಕೂತಿರುತ್ತವೆ. ಆಮೇಲೆ ತ್ರಾಪಿಜ್ಯ ಬಂದಾಗ ಒಂದು ಉದ್ದ, ಒಂದು ಗಿಡ್ಡ ಬಾಹು ಕಂಡು "ಇವು ಸಮಾಂತರ ಅಲ್ರೀ ಸರ" ಎನ್ನುತ್ತಾರೆ. ಹಲಗೆಯ ಮೇಲೆ ಅಡ್ಡಡ್ಡ ಬರೆದ ಗೆರೆಗಳು ಮಾತ್ರ ಸಮಾಂತರ, ಓರೆ ಗೆರೆಗಳು ಅಲ್ಲ ಎಂದುಕೊಂಡವರೂ ಇರುತ್ತಾರೆ.

ನಮ್ಮ ಕಡೆಯ ಮಕ್ಕಳಿಗೆ ಈ ಗಂಟು ಬಿಡಿಸಲು ಕೂರಿಗೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೂರಿಗೆಯ ತಾಳುಗಳ ನಡುವಿನ ಅಂತರ ಬದಲಾಗುವುದಿಲ್ಲ. ಹಾಗಾಗಿ ಬಿತ್ತಿದ ಸಾಲುಗಳು ಒಂದೇ ದಿಕ್ಕಿನಲ್ಲಿ ಹೋಗುತ್ತವೆ, ಮುಂದೆ ಆ ಸಾಲುಗಳ ನಡುವೆ ಎಡೆಕುಂಟೆ ಬೆಳೆಗೆ ತಾಗದೆ ಸಾಗುತ್ತದೆ. ಹೊಲದ ಬದು ಓರೆಯಾಗಿರುವ ಕಡೆ ಒಂದು ಸಾಲು ಉದ್ದವಾಗುತ್ತದೆ, ಪಕ್ಕದ್ದು ಗಿಡ್ಡವಾಗುತ್ತದೆ. ಆದರೂ ಅವು ಕೂಡುವುದಿಲ್ಲ. ಹೊಲ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದಕ್ಕೂ ಸಾಲುಗಳ ಸಮಾಂತರಕ್ಕೂ ಸಂಬಂಧವಿಲ್ಲ. ಇಷ್ಟು ಮಾತಾಡಿದ ಮೇಲೆ ತ್ರಾಪಿಜ್ಯವನ್ನು ಓರೆಯಾಗಿ ಬರೆದು ತೋರಿಸಿದರೂ ಮಕ್ಕಳು ತಪ್ಪುವುದು ಕಡಿಮೆ.

ಹಾಗಾಗಿ ನನ್ನ ಹಲಗೆಯ ಮೇಲೆ ಮೊದಲ ದಿನದಿಂದಲೇ ಆಕೃತಿಗಳು ಓರೆಯಾಗಿ, ತಲೆಕೆಳಗಾಗಿ, ಮೂಲೆಯ ಮೇಲೆ ನಿಂತು ಬರುತ್ತವೆ. ನೆಟ್ಟಗೆ ಕೂತ ಚಿತ್ರವನ್ನಷ್ಟೇ ನೋಡಿದ ಮಗು ಚಿತ್ರವನ್ನು ಕಲಿಯುತ್ತದೆ, ಗುಣವನ್ನಲ್ಲ.

2. ಕೈಗೆ ಕೆಲಸ ಕೊಡಿ: ಮೂಲೆಮಟ್ಟ ಮತ್ತು ಕಾಗದ

ಜಾಮಿಟ್ರಿ ಬಾಕ್ಸಿನಲ್ಲಿ ಹೆಚ್ಚು ಬಳಕೆಯಾಗದೆ ಹೊಸದಾಗಿಯೇ ಉಳಿಯುವ ವಸ್ತು ಮೂಲೆಮಟ್ಟ. ಸಮಾಂತರವನ್ನು ಪರೀಕ್ಷಿಸಲು ಅದಕ್ಕಿಂತ ನೇರವಾದ ಸಾಧನ ಇಲ್ಲ. ಮೂಲೆಮಟ್ಟದ ಒಂದು ಅಂಚನ್ನು ಮೊದಲ ಬಾಹುವಿಗೆ ಹೊಂದಿಸಬೇಕು. ಇನ್ನೊಂದು ಅಂಚಿಗೆ ಸ್ಕೇಲನ್ನು ಒತ್ತಿ ಹಿಡಿಯಬೇಕು. ಸ್ಕೇಲು ಅಲುಗದಂತೆ ಮೂಲೆಮಟ್ಟವನ್ನು ಜಾರಿಸುತ್ತ ಎರಡನೆಯ ಬಾಹುವಿನ ತನಕ ಒಯ್ಯಬೇಕು. ಅಂಚು ಅಲ್ಲಿಯೂ ಸರಿಯಾಗಿ ಕೂತರೆ ಎರಡೂ ಬಾಹುಗಳು ಸಮಾಂತರ. ಇಲ್ಲಿ ಸ್ಕೇಲೇ ಛೇದಕ ರೇಖೆ. ಜಾರುವಾಗ ಬದಲಾಗದೆ ಉಳಿದ ಕೋನವೇ ಅನುರೂಪ ಕೋನ. ಪ್ರಮೇಯವನ್ನು ಬಾಯಿಪಾಠ ಮಾಡುವ ಮೊದಲೇ ಮಗುವಿನ ಕೈ ಅದನ್ನು ಮಾಡಿ ಮುಗಿಸಿರುತ್ತದೆ.

ಸಾಧನವಿಲ್ಲದವರಿಗೆ ಹಳೆಯ ಕಾಗದ ಸಾಕು. ಒಂದು ಮಡಿಕೆ ಹಾಕಿ, ಆ ಮಡಿಕೆ ತನ್ನ ಮೇಲೇ ಕೂರುವಂತೆ ಅಡ್ಡಕ್ಕೆ ಇನ್ನೊಂದು ಮಡಿಕೆ ಹಾಕಿದರೆ ಲಂಬ ಸಿಗುತ್ತದೆ. ಅದೇ ಮೊದಲ ಮಡಿಕೆಗೆ ಬೇರೆ ಜಾಗದಲ್ಲಿ ಮತ್ತೊಂದು ಲಂಬ ಮಡಿಸಿದರೆ ಎರಡು ಲಂಬಗಳೂ ಪರಸ್ಪರ ಸಮಾಂತರ. ಟಿ. ಸುಂದರರಾವ್ ಅವರು 1893ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ ಕಾಗದ ಮಡಿಕೆಯ ರೇಖಾಗಣಿತದ ಪುಸ್ತಕ ಇಂಥ ಮಡಿಕೆಗಳಿಂದಲೇ ಚೌಕ, ಪಂಚಭುಜ, ಷಡ್ಭುಜಗಳನ್ನು ಕಟ್ಟಿ ತೋರಿಸುತ್ತದೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕವನ್ನು ಹೆಸರಿಸಿ ಬರೆದದ್ದರಿಂದ ಅದು ಹೊರದೇಶಗಳಿಗೂ ಹೋಯಿತು. ನಮ್ಮ ನೆಲದಲ್ಲಿ ಹುಟ್ಟಿದ ಈ ವಿಧಾನ ನಮ್ಮ ಶಾಲೆಗಳಲ್ಲಿ ಇನ್ನಷ್ಟು ಬಳಕೆಯಾಗಬೇಕು.

3. "ಇಲ್ಲ" ಎಂಬ ಉತ್ತರಕ್ಕೂ ಕಾರಣ ಬೇಕು: ತ್ರಿಭುಜ

ಪಾಠವನ್ನು ಚತುರ್ಭುಜದಿಂದ ಶುರುಮಾಡುವುದು ವಾಡಿಕೆ. ನಾನು ತ್ರಿಭುಜದಿಂದ ಶುರುಮಾಡುತ್ತೇನೆ. ತ್ರಿಭುಜದಲ್ಲಿ ಸಮಾಂತರ ಬಾಹುಗಳಿವೆಯೇ ಎಂದರೆ ಇಡೀ ತರಗತಿ "ಇಲ್ಲ" ಎನ್ನುತ್ತದೆ. ಯಾಕೆ ಇಲ್ಲ ಎಂದು ಕೇಳಿದಾಗ ಮೌನ. ಆ ಮೌನದಲ್ಲಿ ನಿಜವಾದ ಪಾಠ ಆರಂಭವಾಗುತ್ತದೆ.

ಒಂದು ಕಾರಣ ಬಹಳ ಸರಳ. ಒಂದೇ ಶೃಂಗದಲ್ಲಿ ಸೇರುವ ಬಾಹುಗಳು ಸಮಾಂತರ ಆಗಲಾರವು, ಏಕೆಂದರೆ ಅವು ಈಗಾಗಲೇ ಕೂಡಿವೆ. ತ್ರಿಭುಜದಲ್ಲಿ ಯಾವ ಎರಡು ಬಾಹು ಹಿಡಿದರೂ ಅವು ಅಕ್ಕಪಕ್ಕದವೇ. ಎರಡನೆಯ ಕಾರಣ ಕೋನದ್ದು. ಎರಡು ಬಾಹುಗಳು ಸಮಾಂತರವಾಗಿವೆ ಎಂದು ಒಂದು ಗಳಿಗೆ ಇಟ್ಟುಕೊಳ್ಳೋಣ. ಮೂರನೆಯ ಬಾಹು ಛೇದಕವಾಗುತ್ತದೆ, ಅದರ ಒಂದೇ ಪಾರ್ಶ್ವದ ಒಳಕೋನಗಳ ಮೊತ್ತ 180 ಡಿಗ್ರಿ ಆಗುತ್ತದೆ. ಆಗ ಮೂರನೆಯ ಕೋನಕ್ಕೆ ಉಳಿಯುವುದು ಸೊನ್ನೆ. ಅಂದರೆ ತ್ರಿಭುಜ ಮುಚ್ಚಿಕೊಳ್ಳುವುದೇ ಇಲ್ಲ.

ಈ ಎರಡು ಕಾರಣಗಳನ್ನು ತಾನೇ ಹೇಳಿದ ಮಗು ಒಂದು ಸಾಮಾನ್ಯ ನಿಯಮವನ್ನೂ ಗಳಿಸಿಕೊಂಡಿರುತ್ತದೆ: ಸಮಾಂತರ ಬಾಹುಗಳನ್ನು ಹುಡುಕುವಾಗ ಪಾರ್ಶ್ವ ಬಾಹುಗಳನ್ನು ಬಿಟ್ಟು ನೋಡು. ಸಮಾಂತರಕ್ಕೆ ಕನಿಷ್ಠ ನಾಲ್ಕು ಬಾಹು ಬೇಕೇ ಬೇಕು.

4. ಚತುರ್ಭುಜಗಳನ್ನು ಜೊತೆಗಳ ಲೆಕ್ಕದಲ್ಲಿ ಹೊಂದಿಸಿ

ಚತುರ್ಭುಜದಲ್ಲಿ ಅಭಿಮುಖ ಬಾಹುಗಳ ಜೊತೆಗಳು ಎರಡೇ. ಹಾಗಾಗಿ ಸಮಾಂತರ ಜೊತೆಗಳು ಸೊನ್ನೆ, ಒಂದು ಅಥವಾ ಎರಡು ಇರಬಹುದು. ಒಂದೂ ಇಲ್ಲದ್ದಕ್ಕೆ ಗಾಳಿಪಟದ ಆಕೃತಿ ಒಳ್ಳೆಯ ಉದಾಹರಣೆ. ಒಂದು ಇದ್ದರೆ ತ್ರಾಪಿಜ್ಯ. ಎರಡೂ ಇದ್ದರೆ ಸಮಾಂತರ ಚತುರ್ಭುಜ. ಆಯತ, ವಜ್ರಾಕೃತಿ, ಚೌಕ ಇವು ಮೂರೂ ಸಮಾಂತರ ಚತುರ್ಭುಜದ ಒಳಗೇ ಬರುತ್ತವೆ. ಆರೇಳು ಹೆಸರುಗಳನ್ನು ಬಿಡಿಬಿಡಿಯಾಗಿ ನೆನಪಿಡುವ ಕಷ್ಟ ಇಲ್ಲಿಗೆ ಮುಗಿಯುತ್ತದೆ.

ಒಂದು ವಿಷಯವನ್ನು ಶಿಕ್ಷಕರು ಮೊದಲೇ ಹೇಳಿಬಿಡಬೇಕು. ತ್ರಾಪಿಜ್ಯಕ್ಕೆ "ಒಂದೇ ಒಂದು ಜೊತೆ" ಎಂಬ ವ್ಯಾಖ್ಯೆಯೂ ಇದೆ, "ಕನಿಷ್ಠ ಒಂದು ಜೊತೆ" ಎಂಬ ವ್ಯಾಖ್ಯೆಯೂ ಇದೆ. ಎರಡನೆಯದನ್ನು ಹಿಡಿದರೆ ಸಮಾಂತರ ಚತುರ್ಭುಜವೂ ಒಂದು ತ್ರಾಪಿಜ್ಯ. ಯಾವುದನ್ನು ಹಿಡಿದಿದ್ದೇವೆ ಎಂದು ಹೇಳದೆ ಮುಂದೆ ಹೋದರೆ ಬುದ್ಧಿವಂತ ಮಕ್ಕಳೇ ಗೊಂದಲಕ್ಕೆ ಬೀಳುತ್ತಾರೆ.

ಹೊಂದಿಸುವ ದಾರಿ ಒಂದೇ ಅಲ್ಲ ಎಂಬುದೂ ಮಕ್ಕಳಿಗೆ ತಿಳಿಯಲಿ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಚತುರ್ಭುಜಗಳನ್ನು ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ ಎಂದು ಐದು ಬಗೆ ಮಾಡಿದ್ದಾನೆ. ಅವನ ಅಳತೆಗೋಲು ಬಾಹುಗಳ ಸಮತೆ, ನಮ್ಮ ಪಠ್ಯದ ಅಳತೆಗೋಲು ಸಮಾಂತರ. ಒಂದೇ ಆಕೃತಿಗಳನ್ನು ಎರಡು ಪಟ್ಟಿಗಳಲ್ಲೂ ಹೊಂದಿಸಲು ಮಕ್ಕಳಿಗೆ ಕೊಟ್ಟು ನೋಡಿ. ಸಮತೆ ಬೇರೆ, ಸಮಾಂತರ ಬೇರೆ ಎಂಬುದು ಆ ಒಂದೇ ಚಟುವಟಿಕೆಯಲ್ಲಿ ಸ್ಪಷ್ಟವಾಗುತ್ತದೆ.

5. ಒಂದು ಜೊತೆ ಸಮಾಂತರ ಸಿಕ್ಕರೆ ಕ್ಷೇತ್ರಫಲ ಸಿಕ್ಕಂತೆ

ತ್ರಾಪಿಜ್ಯದ ಕ್ಷೇತ್ರಫಲದ ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತದೆ: ಸಮಾಂತರ ಬಾಹುಗಳ ಮೊತ್ತದ ಅರ್ಧವನ್ನು ಎತ್ತರದಿಂದ ಗುಣಿಸು. ಎತ್ತರ ಎಂಬುದು ಅಲ್ಲಿ ಒಂದೇ ಸಂಖ್ಯೆ ಯಾಕೆ ಎಂದು ಕೇಳುವವರು ಕಡಿಮೆ. ಎರಡು ಬಾಹುಗಳು ಸಮಾಂತರವಾದ್ದರಿಂದ ಅವುಗಳ ನಡುವಿನ ಲಂಬದೂರ ಎಲ್ಲಿ ಅಳೆದರೂ ಒಂದೇ. ಸಮಾಂತರ ತಪ್ಪಿದರೆ ಸೂತ್ರವೂ ಕೈ ಬಿಡುತ್ತದೆ.

ಊರಲ್ಲಿ ಗೋಮುಖ, ವ್ಯಾಘ್ರಮುಖ ಎಂದು ಕರೆಯುವ ಪ್ಲಾಟುಗಳನ್ನು ಈ ಪಾಠಕ್ಕೆ ತರಬಹುದು. ಮುಂದೆ ಕಿರಿದು, ಹಿಂದೆ ಅಗಲ ಇದ್ದರೆ ಗೋಮುಖ. ಮುಂದೆ ಅಗಲ, ಹಿಂದೆ ಕಿರಿದು ಇದ್ದರೆ ವ್ಯಾಘ್ರಮುಖ. ಮುಂದಿನ ಮತ್ತು ಹಿಂದಿನ ಗೆರೆಗಳು ಸಮಾಂತರವಾಗಿದ್ದರೆ ಎರಡೂ ತ್ರಾಪಿಜ್ಯಗಳೇ. ಮುಂದೆ 30 ಅಡಿ, ಹಿಂದೆ 40 ಅಡಿ, ಎರಡು ಪಕ್ಕಗಳೂ 50 ಅಡಿ ಇರುವ ಪ್ಲಾಟು ಇದೆ ಎನ್ನಿ. ಎದುರುಬದುರು ಅಳತೆಗಳ ಸರಾಸರಿ ತೆಗೆದು ಗುಣಿಸುವ ರೂಢಿ ಹಲವು ಕಡೆ ಇದೆ. ಆ ಲೆಕ್ಕದಲ್ಲಿ 35 ಗುಣಿಲೆ 50, ಅಂದರೆ 1750 ಚದರ ಅಡಿ. ನಿಜವಾದ ಎತ್ತರ ಸುಮಾರು 49.75 ಅಡಿ, ಕ್ಷೇತ್ರಫಲ ಸುಮಾರು 1741 ಚದರ ಅಡಿ. ಸರಾಸರಿಯ ಲೆಕ್ಕ 9 ಚದರ ಅಡಿ ಜಾಸ್ತಿ ತೋರಿಸಿತು. ಆಕೃತಿ ಇನ್ನಷ್ಟು ವಾಲಿದಂತೆ ಈ ವ್ಯತ್ಯಾಸ ಬೆಳೆಯುತ್ತದೆ. ಮಹಾವೀರಾಚಾರ್ಯ ಈ ಸರಾಸರಿ ವಿಧಾನವನ್ನು ಕೊಟ್ಟಿದ್ದಾನೆ, ಆದರೆ ಅದನ್ನು ವ್ಯಾವಹಾರಿಕ ಫಲ ಎಂದು ಕರೆದು, ಕರಾರುವಾಕ್ಕಾದ ಸೂಕ್ಷ್ಮ ಫಲದ ವಿಧಾನವನ್ನು ಬೇರೆಯಾಗಿ ಹೇಳಿದ್ದಾನೆ. ಅಂದಾಜು ಯಾವುದು, ನಿಖರ ಯಾವುದು ಎಂಬ ಎಚ್ಚರ ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಇತ್ತು.

ಅದಕ್ಕಿಂತ ಹಳೆಯ ಉದಾಹರಣೆ ಯಜ್ಞವೇದಿಗಳ ಅಳತೆ ಹೇಳುವ ಶುಲ್ಬಸೂತ್ರಗಳಲ್ಲಿ ಬರುವ ಮಹಾವೇದಿ ಎಂಬ ವೇದಿ. ಅದು ಸಮದ್ವಿಬಾಹು ತ್ರಾಪಿಜ್ಯ. ಪದ ಎಂಬ ಉದ್ದದ ಅಳತೆಯಲ್ಲಿ ಒಂದು ಕಡೆ 24 ಪದ, ಎದುರು ಕಡೆ 30 ಪದ, ನಡುವಿನ ದೂರ 36 ಪದ. ಆಪಸ್ತಂಬ ಶುಲ್ಬಸೂತ್ರ ಅದರ ಒಂದು ಪಕ್ಕದ ತುಂಡನ್ನು ತೆಗೆದು, ತಿರುವಿ ಇನ್ನೊಂದು ಪಕ್ಕಕ್ಕೆ ಕೂಡಿಸಿ ಆಯತ ಮಾಡುತ್ತದೆ. 27 ಗುಣಿಲೆ 36, ಒಟ್ಟು 972 ಚದರ ಪದ. ರಟ್ಟಿನಲ್ಲಿ ಈ ಆಕೃತಿ ಕತ್ತರಿಸಿ ಜೋಡಿಸಿದ ಮಗು ಸೂತ್ರವನ್ನು ಮರೆತರೂ ಮತ್ತೆ ತಾನೇ ಕಟ್ಟಿಕೊಳ್ಳಬಲ್ಲದು.

6. ಸಮಾಂತರ ಇದ್ದ ಮಾತ್ರಕ್ಕೆ ಮೂಲೆ ಸರಿಯಿದೆ ಎಂದಲ್ಲ

ಅಭಿಮುಖ ಬಾಹುಗಳು ಸಮ ಇದ್ದರೆ ಚತುರ್ಭುಜ ಸಮಾಂತರ ಚತುರ್ಭುಜವಾಗುತ್ತದೆ. ಆಯತ ಆಗಲೇಬೇಕೆಂದಿಲ್ಲ. 30–40ರ ಪ್ಲಾಟಿನ ನಾಲ್ಕೂ ಬದಿಗಳನ್ನು ಟೇಪ್ ಹಿಡಿದು ಅಳೆದು ಎಲ್ಲವೂ ಸರಿ ಬಂತು ಎಂದರೆ ಕೆಲಸ ಅರ್ಧ ಮಾತ್ರ ಮುಗಿದಿದೆ. ಮೂಲೆ 90ರ ಬದಲು 80 ಡಿಗ್ರಿ ಇದ್ದರೆ ಬದಿಗಳ ಅಳತೆ ಹಾಗೇ ಇರುತ್ತದೆ, ಕ್ಷೇತ್ರಫಲ 1200ರಿಂದ ಸುಮಾರು 1182 ಚದರ ಅಡಿಗೆ ಇಳಿಯುತ್ತದೆ.

ಇದನ್ನು ಹಿಡಿಯಲು ಎರಡೂ ಕರ್ಣಗಳನ್ನು ಅಳೆಯಬೇಕು. ಸರಿಯಾದ ಆಯತವಾದರೆ ಎರಡೂ 50 ಅಡಿ. ಮೂಲೆ 80 ಡಿಗ್ರಿಗೆ ವಾಲಿದ್ದರೆ ಒಂದು ಕರ್ಣ ಸುಮಾರು 54, ಇನ್ನೊಂದು ಸುಮಾರು 45.6 ಅಡಿ ಬರುತ್ತದೆ. ಪಾಯ ಹಾಕುವ ಗೌಂಡಿ ದಾರ ಕಟ್ಟಿ ಮೂರು, ನಾಲ್ಕು, ಐದರ ಲೆಕ್ಕದಲ್ಲಿ ಮೂಲೆ ಹಿಡಿಯುವುದೂ ಇದೇ ಗಣಿತ. ಶಾಲೆಯ ಹತ್ತಿರ ಎಲ್ಲಾದರೂ ಪಾಯ ತೆಗೆಯುತ್ತಿದ್ದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಗೌಂಡಿಯವರ ಮುಂದೆ ನಿಂತು ಕೇಳಿದ ಪ್ರಮೇಯವನ್ನು ಮಕ್ಕಳು ಮರೆಯುವುದಿಲ್ಲ, ಆ ಕಸುಬಿನ ಬಗ್ಗೆ ಅವರಿಗೆ ಗೌರವವೂ ಬೆಳೆಯುತ್ತದೆ.

7. ತಿರುವು ಎಣಿಸಿ: ಎಲ್ಲ ನಿಯಮಿತ ಆಕೃತಿಗಳಿಗೂ ಒಂದೇ ಕೀಲಿ

ಇಡೀ ವಿಷಯದ ತಿರುಳು ಈ ಪಾಠದಲ್ಲಿದೆ. ಅಂಗಳದಲ್ಲಿ ಸುಣ್ಣದಿಂದ ಒಂದು ನಿಯಮಿತ ಷಡ್ಭುಜ ಬರೆದು ಒಬ್ಬರನ್ನು ಅದರ ಗೆರೆಯ ಮೇಲೆ ನಡೆಸಬೇಕು. ಪ್ರತಿ ಮೂಲೆಯಲ್ಲೂ ಎಷ್ಟು ತಿರುಗಬೇಕಾಯಿತು ಎಂದು ಉಳಿದವರು ಬರೆದುಕೊಳ್ಳಬೇಕು. ಆ ತಿರುವೇ ಹೊರಕೋನ. ಒಂದು ಸುತ್ತು ಮುಗಿಸಿ ಹೊರಟ ಜಾಗಕ್ಕೆ, ಹೊರಟ ದಿಕ್ಕಿಗೇ ಬಂದಾಗ ಒಟ್ಟು ತಿರುವು 360 ಡಿಗ್ರಿ. ಷಡ್ಭುಜದಲ್ಲಿ ಪ್ರತಿ ತಿರುವು 60 ಡಿಗ್ರಿ.

ಈಗ ಪ್ರಶ್ನೆ: ಹೊರಟ ಬಾಹುವಿಗೆ ಸಮಾಂತರವಾದ ಬಾಹುವಿನ ಮೇಲೆ ನಡೆಯುವವರು ಬರುವುದು ಯಾವಾಗ? ಮುಖ ಪೂರ್ತಿ ಹಿಂದಕ್ಕೆ ತಿರುಗಿದಾಗ, ಅಂದರೆ 180 ಡಿಗ್ರಿ ತಿರುವು ತುಂಬಿದಾಗ. ಷಡ್ಭುಜದಲ್ಲಿ 60, 120, 180. ಮೂರನೆಯ ತಿರುವಿಗೆ ಸರಿಯಾಗಿ ಮುಟ್ಟಿತು, ಹಾಗಾಗಿ ಅಭಿಮುಖ ಬಾಹು ಸಮಾಂತರ. ನಿಯಮಿತ ಪಂಚಭುಜದಲ್ಲಿ ತಿರುವು 72 ಡಿಗ್ರಿ. 72, 144, ಆಮೇಲೆ 216. 180ನ್ನು ಅದು ದಾಟಿ ಹೋಯಿತು, ಮುಟ್ಟಲಿಲ್ಲ. ಸಮಾಂತರ ಬಾಹುಗಳು ಒಂದೂ ಇಲ್ಲ. ಅಷ್ಟಭುಜದಲ್ಲಿ 45ರಂತೆ ನಾಲ್ಕು ತಿರುವಿಗೆ 180. ಸಪ್ತಭುಜದಲ್ಲಿ ಮೂರು ತಿರುವಿಗೆ ಸುಮಾರು 154, ನಾಲ್ಕಕ್ಕೆ ಸುಮಾರು 206, ನಡುವೆ 180 ತಪ್ಪಿಹೋಯಿತು.

ಮಕ್ಕಳೇ ನಿಯಮ ಹೇಳುತ್ತಾರೆ. ಬಾಹುಗಳ ಸಂಖ್ಯೆ ಸಮವಾದರೆ ಅರ್ಧ ಸುತ್ತಿಗೆ ಸರಿಯಾಗಿ 180 ತುಂಬುತ್ತದೆ. ಸಮಾಂತರ ಜೊತೆಗಳು ಬಾಹುಗಳ ಸಂಖ್ಯೆಯ ಅರ್ಧದಷ್ಟು: ಚೌಕಕ್ಕೆ 2, ಷಡ್ಭುಜಕ್ಕೆ 3, ಅಷ್ಟಭುಜಕ್ಕೆ 4, ದಶಭುಜಕ್ಕೆ 5. ಬಾಹುಗಳ ಸಂಖ್ಯೆ ಬೆಸವಾದರೆ ಒಂದೂ ಇಲ್ಲ. ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ, ತಿರುವು ಎಣಿಸಿದರೆ ಸಾಕು.

8. ಜೇಬಿನಲ್ಲಿ, ಗ್ಯಾರೇಜಿನಲ್ಲಿ ಇರುವ ಸಾಕ್ಷಿ

2019ರಲ್ಲಿ ಘೋಷಣೆಯಾದ 20 ರೂಪಾಯಿ ನಾಣ್ಯಕ್ಕೆ ಹನ್ನೆರಡು ಬಾಹು. ಅದನ್ನು ಒಂದು ಬಾಹುವಿನ ಮೇಲೆ ನಿಲ್ಲಿಸಿದರೆ ಮೇಲ್ಗಡೆಯೂ ಒಂದು ಬಾಹು ಮೇಜಿಗೆ ಸಮಾಂತರವಾಗಿ ನಿಲ್ಲುತ್ತದೆ. 1990ರ ದಶಕದಲ್ಲಿ ಎಲ್ಲರ ಕೈಯಲ್ಲೂ ಓಡಾಡಿದ ಹಳೆಯ 2 ರೂಪಾಯಿ ನಾಣ್ಯಕ್ಕೆ ಹನ್ನೊಂದು ಬಾಹು. ಅದನ್ನು ಒಂದು ಬಾಹುವಿನ ಮೇಲೆ ನಿಲ್ಲಿಸಿದರೆ ಮೇಲೆ ಬರುವುದು ಮೂಲೆ. ಅಲ್ಯೂಮಿನಿಯಂನ ಹಳೆಯ 20 ಪೈಸೆ ಷಡ್ಭುಜ, ಅದರಲ್ಲಿ ಮೂರು ಜೊತೆ. ಮನೆಯಲ್ಲಿ ಅಜ್ಜಿಯರ ಡಬ್ಬಿಗಳಲ್ಲಿ ಇವು ಇನ್ನೂ ಸಿಗುತ್ತವೆ. ತಂದು ತೋರಿಸಲು ಹೇಳಿ.

ಗ್ಯಾರೇಜಿನ ಸ್ಪ್ಯಾನರ್ ಇನ್ನೂ ಒಳ್ಳೆಯ ಸಾಕ್ಷಿ. ಅದರ ಬಾಯಿಯ ಎರಡು ದವಡೆಗಳು ಸಮಾಂತರ. ನಟ್‌ನ ಸಮಾಂತರ ಬಾಹುಗಳ ಒಂದು ಜೊತೆಯನ್ನು ಅದು ಕಚ್ಚಿ ಹಿಡಿಯುತ್ತದೆ. ಸ್ಪ್ಯಾನರ್ ಮೇಲೆ ಬರೆದ 10, 13, 17 ಎಂಬ ಸಂಖ್ಯೆ ಆ ಎರಡು ಸಮಾಂತರ ಬಾಹುಗಳ ನಡುವಿನ ದೂರ, ಮಿಲಿಮೀಟರಿನಲ್ಲಿ. 8 ಎಂಎಂ ಬೋಲ್ಟಿನ ಸಾಮಾನ್ಯ ನಟ್‌ಗೆ 13ರ ಸ್ಪ್ಯಾನರ್. ಅಲ್ಲಿಂದ ಷಡ್ಭುಜದ ಬಾಹು ಸುಮಾರು 7.5 ಮಿಲಿಮೀಟರ್ ಎಂದು ಹತ್ತನೆಯ ತರಗತಿಯ ಮಕ್ಕಳು ಲೆಕ್ಕ ಹಾಕಬಲ್ಲರು. ಅಮೆರಿಕದ ಊರುಗಳಲ್ಲಿ ಬೆಂಕಿ ಆರಿಸಲು ರಸ್ತೆ ಬದಿ ನಿಲ್ಲಿಸಿದ ನೀರಿನ ಕಂಬಗಳಿಗೆ ಐದು ಬಾಹುಗಳ ನಟ್ ಹಾಕುವುದುಂಟು. ಅದರಲ್ಲಿ ಸಮಾಂತರ ಬಾಹುಗಳಿಲ್ಲವಾದ್ದರಿಂದ ಸಾಮಾನ್ಯ ಸ್ಪ್ಯಾನರ್‌ಗೆ ಹಿಡಿತ ಸಿಗುವುದಿಲ್ಲ, ಕಂಡಕಂಡವರಿಗೆ ತೆರೆಯಲಾಗುವುದಿಲ್ಲ. ಸಮಾಂತರ ಇಲ್ಲದಿರುವುದನ್ನೇ ಕಾವಲಿಗೆ ಬಳಸಿಕೊಂಡ ಜಾಣತನ ಇದು.

9. ನಿಯಮಿತದ ನಿಯಮವನ್ನು ಎಲ್ಲಕ್ಕೂ ಹಚ್ಚಬೇಡಿ

"ಬೆಸ ಸಂಖ್ಯೆಯಾದರೆ ಸಮಾಂತರ ಇಲ್ಲ" ಎಂಬುದು ನಿಯಮಿತ ಆಕೃತಿಗಳಿಗೆ ಮಾತ್ರ. ಎರಡು ಇಳಿಜಾರಿನ ಹೆಂಚಿನ ಮನೆಯ ಪಕ್ಕದ ಗೋಡೆಯನ್ನು ನೋಡಿದರೆ ಅದು ಪಂಚಭುಜ, ಎರಡು ನಿಲುವು ಅಂಚುಗಳು ಸಮಾಂತರ. ಆಯತದ ಒಂದು ಮೂಲೆ ಕತ್ತರಿಸಿದರೂ ಪಂಚಭುಜ, ಅದರಲ್ಲಿ ಎರಡು ಜೊತೆ. ಪೀನ ಪಂಚಭುಜದಲ್ಲಿ ಎರಡಕ್ಕಿಂತ ಹೆಚ್ಚು ಜೊತೆ ಸಾಧ್ಯವಿಲ್ಲ, ಏಕೆಂದರೆ ಪೀನ ಆಕೃತಿಯಲ್ಲಿ ಒಂದು ದಿಕ್ಕಿಗೆ ಎರಡೇ ಬಾಹು ಇರಬಲ್ಲವು. ನಿಮ್ನ ಆಕೃತಿಗಳಲ್ಲಿ ಆ ಮಿತಿ ಇಲ್ಲ. ಇಂಗ್ಲಿಷಿನ ಎಲ್ ಅಕ್ಷರದ ಷಡ್ಭುಜದಲ್ಲಿ ಅಡ್ಡ ಬಾಹು ಮೂರು, ನಿಲುವು ಬಾಹು ಮೂರು. ಮೂರರಿಂದ ಮೂರು ಜೊತೆ ಆಗುತ್ತವೆ, ಒಟ್ಟು ಆರು. ಕೂಡಿಸುವ ಚಿಹ್ನೆಯ ಆಕೃತಿಗೆ ಹನ್ನೆರಡು ಬಾಹು, ಅಡ್ಡ ಆರು, ನಿಲುವು ಆರು, ಜೊತೆಗಳು 15 ಮತ್ತು 15 ಸೇರಿ 30.

ಸಮ ಸಂಖ್ಯೆಯ ಬಾಹುಗಳಿದ್ದರೂ ಅನಿಯಮಿತ ಷಡ್ಭುಜದಲ್ಲಿ ಒಂದೂ ಸಮಾಂತರ ಇಲ್ಲದಿರಬಹುದು. ಹಾಗಾದರೆ ಸಮಾಂತರವನ್ನು ತರುವುದು ಬಾಹುಗಳ ಸಮತೆಯೇ, ಕೋನಗಳ ಸಮತೆಯೇ? ಈ ಪ್ರಶ್ನೆಗೆ ನಾನು ಮಾಡಿಸುವ ಚಟುವಟಿಕೆ ಇದು. 10 ಸೆಂಟಿಮೀಟರ್ ಬಾಹುವಿನ ಸಮಬಾಹು ತ್ರಿಭುಜದ ಮೂರು ಮೂಲೆಗಳಿಂದ 1, 2, 3 ಸೆಂಟಿಮೀಟರ್ ಬಾಹುವಿನ ಪುಟ್ಟ ಸಮಬಾಹು ತ್ರಿಭುಜಗಳನ್ನು ಕತ್ತರಿಸಿ ತೆಗೆಯಿರಿ. ಉಳಿಯುವ ಷಡ್ಭುಜದ ಬಾಹುಗಳು ಸಾಲಾಗಿ 1, 7, 2, 5, 3, 6. ಯಾವ ಎರಡೂ ಸಮವಲ್ಲ. ಆದರೆ ಎಲ್ಲ ಕೋನಗಳೂ 120 ಡಿಗ್ರಿ. ತಿರುವು ಪ್ರತಿ ಮೂಲೆಯಲ್ಲೂ 60, ಮೂರು ತಿರುವಿಗೆ 180. ಹಾಗಾಗಿ 1ಕ್ಕೆ 5, 7ಕ್ಕೆ 3, 2ಕ್ಕೆ 6 ಸಮಾಂತರ. ಉದ್ದವನ್ನು ಬಿಟ್ಟು ದಿಕ್ಕನ್ನು ಹಿಡಿಯಬೇಕು ಎಂಬ ಮಾತಿಗೆ ಇದಕ್ಕಿಂತ ಚೊಕ್ಕ ಪುರಾವೆ ನನಗೆ ಗೊತ್ತಿಲ್ಲ.

10. ಬಾಹುಗಳಲ್ಲಿ ಸಿಗದಿದ್ದರೆ ಒಳಗೆ ಹುಡುಕಿ

ನಿಯಮಿತ ಪಂಚಭುಜದಲ್ಲಿ ಯಾವ ಎರಡು ಬಾಹುಗಳೂ ಸಮಾಂತರವಲ್ಲ. ಆದರೆ ಅದರ ಪ್ರತಿ ಬಾಹುವಿಗೂ ಒಂದು ಕರ್ಣ ಸಮಾಂತರ. ಒಳಕೋನ 108 ಡಿಗ್ರಿ. ಕರ್ಣ ಕತ್ತರಿಸುವ ಸಮದ್ವಿಬಾಹು ತ್ರಿಭುಜದ ಕೋನಗಳು 108, 36, 36. ಬಾಹುವಿನ ಪಕ್ಕದ ಮೂಲೆಯಲ್ಲಿ 108ರಿಂದ 36 ಕಳೆದು 72 ಉಳಿಯುತ್ತದೆ. 72 ಮತ್ತು 108 ಕೂಡಿ 180. ಛೇದಕದ ಒಂದೇ ಪಾರ್ಶ್ವದ ಒಳಕೋನಗಳ ಮೊತ್ತ 180 ಆಯಿತು, ಸಮಾಂತರ ಸಿದ್ಧವಾಯಿತು.

ಇನ್ನೊಂದು ಚಟುವಟಿಕೆಯನ್ನು ಯಾವ ಶಿಕ್ಷಕರೂ ಬಿಡಬಾರದು. ಪ್ರತಿಯೊಬ್ಬರೂ ತಮಗೆ ತೋಚಿದ ಚತುರ್ಭುಜ ಬರೆಯಲಿ, ಎಷ್ಟು ಸೊಟ್ಟಗಿದ್ದರೂ ಸರಿ. ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸಾಲಾಗಿ ಸೇರಿಸಲಿ. ಎಲ್ಲರ ಹಾಳೆಯಲ್ಲೂ ಸಮಾಂತರ ಚತುರ್ಭುಜವೇ ಬರುತ್ತದೆ. ಫ್ರಾನ್ಸಿನ ಪಿಯರ್ ವ್ಯಾರಿನ್ಯೋನ್ ಹೆಸರಿನ ಈ ಪ್ರಮೇಯ ಪ್ರಕಟವಾದದ್ದು ಅವರು ತೀರಿಕೊಂಡ ಮೇಲೆ, 1731ರಲ್ಲಿ. ಸಾಧನೆಗೆ ಒಂಬತ್ತನೆಯ ತರಗತಿಯ ಮಧ್ಯಬಿಂದು ಪ್ರಮೇಯ ಸಾಕು: ಒಂದು ಕರ್ಣ ಎಳೆದರೆ ಅದರ ಎರಡೂ ಕಡೆಯ ತ್ರಿಭುಜಗಳಲ್ಲಿ ಮಧ್ಯಬಿಂದುಗಳ ಗೆರೆಗಳು ಆ ಕರ್ಣಕ್ಕೆ ಸಮಾಂತರ, ಅದರ ಅರ್ಧದಷ್ಟು ಉದ್ದ. ಹೀಗೆ ಒಂದೇ ಕರ್ಣಕ್ಕೆ ಸಮಾಂತರವಾದ ಎರಡು ಗೆರೆಗಳು ಪರಸ್ಪರವೂ ಸಮಾಂತರ, ಸಮವೂ ಹೌದು.

11. ಡಂಬಳಕ್ಕೆ ಕರೆದುಕೊಂಡು ಹೋಗಿ

ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 12ನೆಯ ಶತಮಾನದ್ದು. ಅದರ ಗರ್ಭಗುಡಿಯ ತಲವಿನ್ಯಾಸ 24 ಮೂಲೆಗಳ ನಕ್ಷತ್ರ. ಈ ಆಕೃತಿಯನ್ನು ಕಾಗದದ ಮೇಲೆ ತರುವ ದಾರಿ ಹೀಗಿದೆ. ಒಂದು ಚೌಕ ಬರೆದು, ಅದರ ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಒಟ್ಟು ಆರು ಚೌಕಗಳನ್ನು ಒಂದರ ಮೇಲೊಂದು ಬರೆಯಬೇಕು. ಹೊರಗೆ ಕಾಣುವ ಅಂಚುಗಳು 48. ಪ್ರತಿ ಚೌಕದಿಂದ ಎರಡು ದಿಕ್ಕಿನಂತೆ ಒಟ್ಟು 12 ದಿಕ್ಕುಗಳು, ಒಂದೊಂದು ದಿಕ್ಕಿಗೆ ನಾಲ್ಕು ಅಂಚು. ಮೊದಲ ನೋಟಕ್ಕೆ ಬರೀ ಚೂಪು ಮೂಲೆಗಳಾಗಿ ಕಾಣುವ ಗೋಡೆಯಲ್ಲಿ ಇಷ್ಟೊಂದು ಸಮಾಂತರಗಳು ಅಡಗಿವೆ. ಮಕ್ಕಳು ಚಿತ್ರ ಬರೆದುಕೊಂಡು ಹೋಗಿ ಗುಡಿಯ ಸುತ್ತ ನಡೆದರೆ ಏಳನೆಯ ಪಾಠದ ತಿರುವುಗಳು ಕಲ್ಲಿನಲ್ಲಿ ಕಣ್ಣಿಗೆ ಬೀಳುತ್ತವೆ. ಅದನ್ನು ಕಟ್ಟಿದ ರೂವಾರಿಗಳ ಲೆಕ್ಕದ ಬಿಗಿ ಆಗ ಮಕ್ಕಳಿಗೆ ಅರ್ಥವಾಗುತ್ತದೆ.

12. ಪ್ರಶ್ನೆ ಕೇಳುವ ರೀತಿ ಬದಲಿಸಿ

"ಷಡ್ಭುಜದಲ್ಲಿ ಎಷ್ಟು ಜೊತೆ ಸಮಾಂತರ ಬಾಹುಗಳಿವೆ?" ಎಂಬ ಪ್ರಶ್ನೆಗೆ "3" ಎಂದು ಬರೆದವರಿಗೆ ಅಂಕ ಕೊಟ್ಟು ಮುಂದೆ ಹೋಗುವುದು ಸುಲಭ. ಆದರೆ ಯಾವ ಷಡ್ಭುಜ ಎಂದು ಹೇಳದ ಪ್ರಶ್ನೆಯೇ ಅಪೂರ್ಣ. ನಿಯಮಿತ ಎಂಬ ಒಂದು ಪದ ಬಿಟ್ಟರೆ ಉತ್ತರ ಸೊನ್ನೆಯಿಂದ ಆರರ ತನಕ ಹೋಗಬಹುದು. ಹಾಗಾಗಿ ಪ್ರಶ್ನೆಯಲ್ಲಿ ಆಕೃತಿ ಸ್ಪಷ್ಟವಾಗಿರಲಿ, ಉತ್ತರದಲ್ಲಿ ಕಾರಣಕ್ಕೂ ಅಂಕ ಇರಲಿ. ಚಿತ್ರದಲ್ಲಿ ಸಮಾಂತರ ಬಾಹುಗಳಿಗೆ ಬಾಣದ ಗುರುತು ಹಾಕುವ ಅಭ್ಯಾಸ ಮಾಡಿಸಿ: ಒಂದು ದಿಕ್ಕಿನವಕ್ಕೆ ಒಂದು ಬಾಣ, ಮತ್ತೊಂದು ದಿಕ್ಕಿನವಕ್ಕೆ ಎರಡು. ಗುರುತಿಲ್ಲದೆ, ಕೋನದ ಮಾಹಿತಿಯೂ ಇಲ್ಲದೆ ಕೇವಲ ಕಣ್ಣಿಗೆ ಸಮಾಂತರವಾಗಿ ಕಂಡ ಬಾಹುಗಳನ್ನು ಸಾಧನೆಯಲ್ಲಿ ಬಳಸಬಾರದು ಎಂಬ ಶಿಸ್ತನ್ನು ಎಂಟನೆಯ ತರಗತಿಯಲ್ಲೇ ಕಟ್ಟಬೇಕು. ಹತ್ತರಲ್ಲಿ ಥೇಲ್ಸ್‌ನ ಪ್ರಮೇಯ ಬರುವ ಹೊತ್ತಿಗೆ ಅದು ಮಕ್ಕಳ ಸ್ವಭಾವವೇ ಆಗಿರುತ್ತದೆ.

ಗಣಿತ ಕಲಿಸುವ ಗೆಳೆಯ ಗೆಳತಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಸಮಾಂತರ ಬಾಹುಗಳ ಪಾಠಕ್ಕೆ ಒಂದು ಅವಧಿಯ ಬದಲು ನಾಲ್ಕು ಅವಧಿ ಕೊಡಿ. ಒಂದನ್ನು ಕಾಗದ ಮಡಿಸಲು, ಒಂದನ್ನು ಅಂಗಳದಲ್ಲಿ ತಿರುವು ಎಣಿಸಲು, ಒಂದನ್ನು ನಾಣ್ಯ ಮತ್ತು ನಟ್ ನೋಡಲು, ಒಂದನ್ನು "ಯಾಕೆ?" ಎಂದು ಕೇಳಲು ಇಡಿ. ಹೆತ್ತವರು ಸಹ ಮಕ್ಕಳ ಉತ್ತರ ಸರಿಯೇ ಎಂದು ನೋಡಿದ ಮೇಲೆ, ಅದು ಹೇಗೆ ಗೊತ್ತಾಯಿತು ಎಂದೂ ಒಮ್ಮೆ ಕೇಳಲಿ. ಕಾರಣ ಹೇಳಲು ಕಲಿತ ಮಗುವಿಗೆ ರೇಖಾಗಣಿತದ ಭಯ ಇರುವುದಿಲ್ಲ.